ತಳಘರಕ್ಕೆ ಅತ್ತೆ ಇಳಿದ ವರ್ಷ

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನ ಗಾಡಿಗಳು ಸಾಲಾಗಿ ನಿಲ್ಲುತ್ತವಲ್ಲ, ಅಲ್ಲಿ ಮೊನ್ನೆ ಒಬ್ಬ ಗಾಡಿಯವನು ಮಾರಿ ಉಳಿದ ದ್ರಾಕ್ಷಿಯನ್ನು ಚರಂಡಿ ಪಕ್ಕಕ್ಕೆ ಸುರಿದಿದ್ದ. ಬಿಸಿಲು ತಿಂದು ಒಡೆದ ಹಣ್ಣು. ಮೊದಲು ಸಿಹಿ, ಆಮೇಲೆ ಹುಳಿ, ಅದರ ಕೆಳಗೆ ಮೂಗು ಸುಡುವ ಇನ್ನೊಂದು ವಾಸನೆ. ಜನ ಸೆರಗು, ಕರ್ಚೀಫು ಹಿಡಿದು ದಾಟುತ್ತಿದ್ದರು. ನಾನೊಬ್ಬಳೇ ಹುಚ್ಚಿಯ ಹಾಗೆ ಅಲ್ಲೇ ನಿಂತೆ.

"ಯಾಕ್ರೀ ಅಕ್ಕೋರೆ, ಏನರೆ ಕಳಕೊಂಡೀರೇನು?" ಅಂದ ಗಾಡಿಯವನು.

"ಹೌದಪಾ, ಕಳಕೊಂಡೀನಿ. ನೀ ನಿನ್ನ ಯಾಪಾರ ನೋಡು," ಅಂದು ಮನೆ ಕಡೆ ಹೊರಟೆ. ಪಾಪ, ಅವನ ಮೇಲೆ ಹರಿಹಾಯುವಂಥದ್ದೇನೂ ಇರಲಿಲ್ಲ. ಆದರೆ ಆ ವಾಸನೆ ಮೂಗಿಗೆ ಬಿದ್ದ ದಿನ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಮನೆಯಲ್ಲಿ ಇವರು, ಅಂದರೆ ನಮ್ಮ ಮನೆಯವರು, ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ದ್ರಾಕ್ಷಿಯ ಸುದ್ದಿ ಎತ್ತಲಿಲ್ಲ. ನಮ್ಮ ಮನೆಗೆ ದ್ರಾಕ್ಷಿ ಬರುವುದಿಲ್ಲ. ಮಕ್ಕಳು ಕೇಳಿದರೂ ಬಾಳೆಹಣ್ಣು ತಂದು ಕೊಡುತ್ತೇವೆ.

ಆ ವಾಸನೆ ಮೊದಲ ಸಲ ಮೂಗಿಗೆ ಹತ್ತಿದ ವರ್ಷ ನಾವಿದ್ದದ್ದು ಬಸವಕಲ್ಯಾಣದ ಹತ್ತಿರ ಮೋರಖಂಡಿಯಲ್ಲಿ, ಇವರ ಹೊಲದ ಮನೆಯಲ್ಲಿ. ಮದುವೆಯ ಮಾತಿನಲ್ಲಿ ಹುಡುಗ ನಾಸಿಕದ ಕಡೆ ದ್ರಾಕ್ಷಿ ಕಂಪನಿಯಲ್ಲಿದ್ದಾನೆ ಅಂದಿದ್ದರು. ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮಪ್ಪ, ಒಣದ್ರಾಕ್ಷಿ ಇರಬೇಕು ಅಂದುಕೊಂಡು ಹೂಂ ಅಂದುಬಿಟ್ಟ. ಅಕ್ಕಿಕಾಳು ಬಿದ್ದ ಮೇಲೆ ಗೊತ್ತಾಯಿತು ಅದು ವೈನು ಅಂತ. ಅಪ್ಪ ಒಂದಷ್ಟು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಅಂಗಡಿಗೆ ಬಂದವರಿಗೆಲ್ಲ "ಅಳಿಯ ಹಣ್ಣಿನ ರಸದ ಲೈನಿನಾಗ ಇದ್ದಾನ್ರಿ" ಅಂತ ಹೇಳಿಕೊಂಡು ಮಾನ ಉಳಿಸಿಕೊಂಡ.

ಇವರಿಗೆ ಆ ಹುಚ್ಚು ಹಚ್ಚಿದವನು ಅರ್ಮಾನ್ ಅಂತ ಒಬ್ಬ ಫ್ರಾನ್ಸಿನ ಮುದುಕ. ಅವನ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಕೆಂಪು ವೈನು ಮಾಡುತ್ತಿದ್ದರಂತೆ. ನಾಸಿಕಕ್ಕೆ ಕಲಿಸಲು ಬಂದವನು, ಇವರ ಮೂಗು ಬಲು ಚುರುಕು ಅಂತ ಮೆಚ್ಚಿ, ಎರಡು ಸುಗ್ಗಿಗೆ ತನ್ನ ಊರಿಗೂ ಕರೆದುಕೊಂಡು ಹೋಗಿದ್ದ. ಅಲ್ಲಿ ಎಲ್ಲ ಹಳೇ ಪದ್ಧತಿ. ಹಣ್ಣು ಕಾಲಿನಿಂದ ತುಳಿಯಬೇಕು, ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡಬೇಕು, ಔಷಧ ಗಿವಷಧ ಹಾಕದೆ ಕಾಯಬೇಕು, ಕೊನೆಗೆ ಬಾಟಲಿಯ ಮೇಲೆ ಮನೆತನದ ಹೆಸರು ಹಚ್ಚಬೇಕು. ಇವರು ಅದೆಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು, ನಾಸಿಕದ ನೌಕರಿ ಬಿಟ್ಟು, ನನ್ನನ್ನು ಕಟ್ಟಿಕೊಂಡು ಊರಿಗೆ ಬಂದರು. ಮನೆಯ ಹಿಂದಿನ ಕೆಂಪು ಮರಡಿ ನೆಲದಲ್ಲಿ ಶಿರಾಜ್ ಅನ್ನುವ ಕಪ್ಪು ದ್ರಾಕ್ಷಿಯ ಬಳ್ಳಿ ಹಚ್ಚಿದರು. ಶಿರಾಜ್ ಅಂದರೂ ಅರ್ಮಾನ್ ಅಂದರೂ ನಮ್ಮ ಕಡೆಯವರಿಗೆ ಕಲ್ಯಾಣದ ಪೇಟೆಯ ಯಾರೋ ಸಾಬರ ಹೆಸರು ಕೇಳಿದ ಹಾಗೇ. "ನಿಮ್ಮ ಶಿರಾಜಮಿಯಾ ಹ್ಯಾಂಗ ಅದಾನ್ರಿ?" ಅಂತ ಹೊಲದ ಬದುವಿನಲ್ಲಿ ನಿಂತು ಚಾಷ್ಟಿ ಮಾಡುತ್ತಿದ್ದರು.

ಆ ನೆಲ ಪಾಲಾಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಕಾರಭಾರವೆಲ್ಲ ಭಾವನದು, ಅಂದರೆ ಇವರ ಅಣ್ಣನದು. ಅವರ ಹೆಂಡತಿ ಮಕ್ಕಳು ಕಲ್ಯಾಣದಲ್ಲಿ ಮನೆ ಮಾಡಿದ್ದರು, ಭಾವ ದಿನಾ ಬೆಳಗ್ಗೆ ಮೋಟರ್ ಸೈಕಲ್ ಮೇಲೆ ಹೊಲಕ್ಕೆ ಬಂದು ಸಂಜೆ ಹೋಗುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ, ಖರೇ ಹೇಳಬೇಕು. ಮಾತಿಗೆ ನಿಲ್ಲುವವರು. ಬಳ್ಳಿ ಹಚ್ಚಿ ಮೂರನೆಯ ವರ್ಷ, ಮೊದಲ ಪೂರಾ ಬೆಳೆ ಬಂದಾಗ, ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು.

"ನೋಡು ಶರಣು, ಈ ಸಲದ ಮಾಲು ಮಾಡು. ನಿನ್ನ ಅರ್ಮಾನ್ ಸಾಬ ಬಂದು ಕುಡದು ಬರೋಬರ್ ಅದ ಅಂದ್ರ, ಈ ನೆಲ ನಿಂದು, ನಾ ಮತ್ತ ಬಾಯಿ ಹಾಕಂಗಿಲ್ಲ. ಇಲ್ಲ ಅಂದ್ರ ಬಳ್ಳಿ ಕಿತ್ತು ಶುಂಠಿ ಹಚ್ತೀನಿ. ಆಮ್ಯಾಲೆ ಅಳಬ್ಯಾಡ."

"ಆತಣ್ಣ," ಅಂದರು ಇವರು. ಅರ್ಮಾನನಿಗೆ ಫೋನು ಹೋಯಿತು. ಮುಂದಿನ ಚಳಿಗಾಲ ಮುಗಿಯುವಾಗ ಬರುತ್ತೇನೆ, ವೈನು ತನ್ನ ಮನೆಯವರಿಗೆ ಒಪ್ಪುವ ಹಾಗಿದ್ದರೆ ತಾನೇ ಒಯ್ದು ಮಾರುತ್ತೇನೆ ಅಂದ. ಆ ದಿನದಿಂದ ಇವರಿಗೆ ಹಗಲು ರಾತ್ರಿ ಅದೇ ಫಿಕರ್.

ಇನ್ನು ಅತ್ತೆ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಬೆಳಗಿನ ಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು. ಮಗ ಮನೆಯಲ್ಲಿ ದಾರೂ ಮಾಡುತ್ತಾನೆ ಅನ್ನುವುದು ಅವರಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಇದು ದಾರೂ ಅಲ್ಲ, ಬ್ಯಾರೆ, ಅಂತ ಇವರು ತಿಳಿಸಿ ಹೇಳಿ ಸೋತರು. ಬಾಟಲಿಯ ಮೇಲೆ ಮನೆತನದ ಹೆಸರು ಬರೆಯುವ ಸುದ್ದಿ ಕಿವಿಗೆ ಬಿದ್ದ ದಿನ ಮುದುಕಿ ಎದೆ ಎದೆ ಬಡಿದುಕೊಂಡರು. "ನಿಮ್ಮಪ್ಪನ ಹೆಸರು ದಾರೂ ಬಾಟ್ಲಿ ಮ್ಯಾಲೆ? ಅದಕ್ಕಿಂತ ನನ್ನ ಕುತ್ತಿಗಿ ಹಿಚುಕೋ ಶರಣು!" ಮನೆಯ ಕೆಳಗೆ, ಹಿಂದಿನವರು ಕಾಳು ಇಡಲು ಕಟ್ಟಿಸಿದ್ದ ಕಲ್ಲಿನ ತಳಘರ ಇತ್ತು. ಇವರು ಪೀಪಾಯಿಗಳನ್ನು ಅಲ್ಲಿ ಇಳಿಸಿದರು. ಆ ಬಾಗಿಲ ಮುಂದೆ ನಿಂತು ಅತ್ತೆ, "ನಾ ಇರೂತನ ಇದರಾಗ ಕಾಲು ಇಡಂಗಿಲ್ಲ," ಅಂತ ಲಿಂಗ ಹಿಡಿದು ಆಣೆ ಮಾಡಿದರು.

ಶಿವರಾತ್ರಿಯ ಆಸುಪಾಸಿಗೆ ಹಣ್ಣು ಕೊಯ್ದೆವು. ಹತ್ತಿರದ ಕೊಹಿನೂರ ಹಳ್ಳಿಯಿಂದ ಹೆಣ್ಣಾಳು ಬಂದಿದ್ದರು. ಬಿಸಿಲು ಏರುವ ಮೊದಲೇ ಗೊಂಚಲು ಕತ್ತರಿಸಿ, ನೆರಳಿನಲ್ಲಿ ಕೂತು ತೊಟ್ಟು ಬಿಡಿಸಿ, ಸಿಮೆಂಟಿನ ತೊಟ್ಟಿಗೆ ತುಂಬುವುದು. ಆಮೇಲೆ ಇವರು ಎಲ್ಲರ ಕಾಲು ತಿಕ್ಕಿ ತಿಕ್ಕಿ ತೊಳೆಸಿ ತೊಟ್ಟಿಗೆ ಇಳಿಸಿದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ತುಳಿಯುವುದು. ಹಣ್ಣು ಪಿಚಕ್ ಅಂತ ಬೆರಳ ಸಂದಿಯಿಂದ ಎದ್ದಾಗ ಹೆಂಗಸರಿಗೆ ನಗು ತಡೆಯುತ್ತಿರಲಿಲ್ಲ. "ಏ ಎವ್ವಾ, ಲಗ್ನದಾಗ ಮದುಮಗಳ ಕಾಲಿಗಿ ಸೈತ ಇಷ್ಟು ಕೆಂಪು ಹಚ್ಚಿದ್ದಿಲ್ಲ!" ಅಂತ ಒಬ್ಬಾಕೆ ಕೂಗಿದಳು. ನಾನೂ ಇಳಿದೆ. ಮೊಣಕಾಲ ತನಕ ಕೆಂಪಾಗಿ, ಎಷ್ಟೋ ದಿನ ಉಗುರಿನ ಬಣ್ಣ ಹೋಗಲಿಲ್ಲ. ಅತ್ತೆ ಮಾತ್ರ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ಒಳಗೆ ಕೂತಿದ್ದರು.

ತೊಟ್ಟಿಯಲ್ಲಿ ರಸ ಉಕ್ಕತೊಡಗಿದ ಮೇಲೆ ಇವರು ಅದರ ಪಕ್ಕದಲ್ಲೇ ಹಾಸಿಗೆ ಹಾಕಿದರು. ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪಗೆ ಕಟ್ಟುತ್ತದೆ, ಅದನ್ನು ಕಟ್ಟಿಗೆಯಿಂದ ಮತ್ತೆ ಮತ್ತೆ ಒಳಗೆ ಒತ್ತಬೇಕು. ಆ ದಿನಗಳಲ್ಲಿ ಅತ್ತೆ ಇವರಿಗೆ ಊಟ ಪಡಸಾಲೆಯಲ್ಲೇ ಬಡಿಸಲು ಹೇಳಿದರು. ಮಗನ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟರು. ಮೊಸರಿನ ಗಡಿಗೆಯ ಹತ್ತಿರ ಇವರು ಬಂದರೆ, "ಅಲ್ಲೇ ನಿಂದ್ರು!" ಅನ್ನುತ್ತಿದ್ದರು.

"ಅವ್ವಾ, ಜಳಕ ಮಾಡೀನಿ," ಅಂದರೆ, "ಮೈ ತೊಳದ್ರ ಆತೇನು? ಕೈಗಿ ಹತ್ತಿದ ವಾಸನಿ ಹೋಗ್ತದೇನು?" ಅಂತ ಮುಖ ತಿರುಗಿಸುತ್ತಿದ್ದರು.

ಇವರು ಪಡಸಾಲೆಗೆ ಹೋಗಿ ಕೂರುತ್ತಿದ್ದರು. ಒಮ್ಮೆ ಅಲ್ಲಿ ರೊಟ್ಟಿ ಮುರಿಯುತ್ತ, "ಅಕಿ ನನ್ನ ಕೈಲೆ ನೀರು ಕುಡೀಬೇಕು ಸುವರ್ಣಾ. ಅರ್ಮಾನ್ ಒಪ್ಪೂದು ಆಮ್ಯಾಲಿಂದು," ಅಂದರು. ಆಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ರಸ ಹಿಂಡಿ ಪೀಪಾಯಿಗೆ ತುಂಬುವ ಹೊತ್ತಿಗೆ ಬಿಸಿಲು ಕಾದ ಹೆಂಚಾಗಿತ್ತು. ಹೊರಗೆ ನಾಯಿಗಳು ನಾಲಿಗೆ ಚಾಚಿ ಬಿದ್ದಿರುತ್ತಿದ್ದವು, ತಳಘರದಲ್ಲಿ ಮಾತ್ರ ಕಲ್ಲಿಗೆ ಕೈ ಹಚ್ಚಿದರೆ ತಂಪು. ಗೋಡೆಗೆ ಒದ್ದೆ ಗೋಣಿ ಕಟ್ಟಿ, ಅದು ಆರದ ಹಾಗೆ ನೋಡಿಕೊಳ್ಳುವ ಕೆಲಸ ನನ್ನದು. ಮರದ ಪೀಪಾಯಿ ಒಳಗಿನ ವೈನನ್ನು ಸ್ವಲ್ಪ ಸ್ವಲ್ಪ ಕುಡಿಯುತ್ತದೆ, ಕಡಿಮೆಯಾದಷ್ಟು ಮತ್ತೆ ತುಂಬಬೇಕು, ಇಲ್ಲದಿದ್ದರೆ ಗಾಳಿ ಸೇರಿ ಹುಳಿಯಾಗುತ್ತದೆ. ತುಂಬಿ, ಮೇಲಿನ ತೂತಿಗೆ ಮರದ ಬೂಚು ಇಟ್ಟು, ಕೊಡತಿಯಿಂದ ಬಡಿದು ಬಿಗಿ ಮಾಡಬೇಕು. ಇದೆಲ್ಲ ನನಗೂ ಬಂತು.

ಇವರದು ಅಲ್ಲಿ ಒಂದು ಬಿಗಿ ನೇಮ ಇತ್ತು. ಮೊಸರು, ಮಜ್ಜಿಗೆ, ಅಂಬಲಿ, ಉಪ್ಪಿನಕಾಯಿ, ಹುದುಗು ಬಂದ ಯಾವುದನ್ನೂ ಮುಟ್ಟಿದ ಕೈಯಲ್ಲಿ ತಳಘರಕ್ಕೆ ಇಳಿಯಕೂಡದು. ಹಾಲಿನ ಹುಳಿ ವೈನಿಗೆ ಹತ್ತಿದರೆ ಮುಗಿಯಿತು ಅಂತ. ಅರ್ಮಾನನ ಅಜ್ಜಿ ಹಾಲು ಹುಳಿಸಿ ಚೀಸು ಮಾಡಿದ ದಿನ ಪೀಪಾಯಿಯ ಕೋಣೆಯ ಕಡೆ ಸುಳಿಯುತ್ತಿರಲಿಲ್ಲವಂತೆ. "ಏನ್ರೀ, ನಮ್ಮತ್ತಿ ಮಡಿಗಿಂತ ನಿಮ್ಮ ಮಡಿ ಜಬರ್ದಸ್ತ್ ಅದಲ್ಲ!" ಅಂತ ನಾನು ಕಾಡುತ್ತಿದ್ದೆ. ಆದರೂ ಕೈ ತೊಳೆದು, ಸೀರೆ ಬದಲಿಸಿಯೇ ಇಳಿಯುತ್ತಿದ್ದೆ. ಆಳುಗಳಿಗೆಲ್ಲ ಇವರು ನೇಮ ಹೇಳಿದ್ದರು. ಭಾವನಿಗೂ ಹೇಳಿದ್ದರು. ಹೇಳದೆ ಉಳಿದದ್ದು ಅತ್ತೆಗೆ ಮಾತ್ರ. ಆಣೆ ಮಾಡಿ ಕಾಲೇ ಇಡದವರಿಗೆ ಕೈ ತೊಳಿ ಅಂತ ಯಾರು ಹೇಳುತ್ತಾರೆ?

ಮಳೆಗಾಲದಲ್ಲಿ ಒಂದು ದಿನ ಎಡೆಬಿಡದೆ ಹೊಯ್ದು, ಗೋಡೆಯ ಸಂದಿಯಿಂದ ತಳಘರಕ್ಕೆ ನೀರು ಜಿನುಗತೊಡಗಿತು. ಇವರು ಮುಂಜಾನೆಯಿಂದ ಬಗ್ಗಿ ಬಗ್ಗಿ ನೀರು ತೋಡಿದರು, ನಾನು ಮೇಲಿನಿಂದ ಬಕೆಟ್ಟು ಎಳೆದೆ. ಮಧ್ಯಾಹ್ನ ಅತ್ತೆ ನನ್ನ ಹಿಂದೆ ಬಂದು ನಿಂತು ಕೆಳಗೆ ಇಣುಕಿದರು. ಮಗ ಒದ್ದೆಯಾಗಿ ನಡುಗುತ್ತ, ಮೊದಲು ಪೀಪಾಯಿಯ ಹೊಟ್ಟೆ ಒರೆಸಿ ಆಮೇಲೆ ತನ್ನ ಮುಖ ಒರೆಸಿಕೊಳ್ಳುವುದನ್ನು ನೋಡಿದರು. ಒಳಗೆ ಹೋಗಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟರು.

"ಕೊಡು ಅವನಿಗಿ. ನಾ ಕೊಟ್ಟೆ ಅಂತ ಹೇಳಬ್ಯಾಡ."

ನಾನು ಹೇಳದೆ ಇರುತ್ತೇನೆಯೇ? ಹೇಳಿದೆ. ಇವರು ನೀರಿನಲ್ಲಿ ನಿಂತೇ ಆ ರೊಟ್ಟಿ ತಿಂದರು. ಅಂದಿನಿಂದ ಅತ್ತೆ ಸ್ವಲ್ಪ ಸ್ವಲ್ಪ ಕರಗಿದರು. ದಸರೆ ದಾಟಿದ ಮೇಲೆ ಕಾಳು ಹಸನು ಮಾಡುತ್ತ ಕೂತಾಗ, "ಅಲ್ಲ ಸುವರ್ಣಾ, ಇಷ್ಟು ತಿಂಗಳು ಯಾರು ಕಾಯ್ತಾರ ಅದನ್ನ? ಶೇಂದಿ ಇವತ್ತು ಇಳಿಸಿ ಇವತ್ತೇ ಕುಡೀತಾರ. ಇದು ಬ್ಯಾರೆನೇ ಕಾಣ್ತದ," ಅಂದರು. ಇನ್ನೊಂದು ದಿನ ತಾವಾಗಿಯೇ, "ಅವನಪ್ಪನ ಹೆಸರು ಹಚ್ಚಲಿ ಬಿಡು. ದೊಡ್ಡ ಅಕ್ಷರದಾಗ ಬ್ಯಾಡ ಅನ್ನು," ಅಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಆ ಹೊತ್ತಿಗೆ ವೈನು ಕೂಡ ಹದಕ್ಕೆ ಬಂದು ಕೂತಿತ್ತು. ಇವರು ಗಾಜಿನ ಕೊಳವೆಯಿಂದ ಒಂದಿಷ್ಟು ಎಳೆದು ಲೋಟಕ್ಕೆ ಬಿಟ್ಟು, ಬಾಗಿಲ ಬೆಳಕಿಗೆ ಹಿಡಿದು, ನನ್ನ ಮುಂದೆ ಚಾಚಿದರು. ನಾನು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ನಾಲಿಗೆಯ ತುದಿಗೆ ಹಚ್ಚಿಕೊಂಡೆ. ಮೊದಲು ಒಗರು, ಕೆನ್ನೆಯ ಒಳಗೆಲ್ಲ ಎಳೆದು ಹಿಡಿಯಿತು. ಆಮೇಲೆ ಮೆಣಸಿನ ಖಾರ, ನೇರಳೆಹಣ್ಣು, ಮಳೆ ಬಿದ್ದ ನಮ್ಮ ಮರಡಿಯ ವಾಸನೆ. "ಹ್ಯಾಂಗ ಅದ?" ಅಂದರು. "ನನಗೇನು ತಿಳೀತದ್ರೀ, ನಮ್ಮ ಹೊಲ ಕುಡದಂಗ ಆತು," ಅಂದೆ. ಇವರು ನನ್ನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ಅರ್ಮಾನ್ ಒಪ್ಪುತ್ತಾನೆ ಅಂತ ಇಬ್ಬರಿಗೂ ಅನ್ನಿಸಿತ್ತು.

ಎಳ್ಳಮವಾಸ್ಯೆ ಬಂತು. ಬೀದರ್ ಕಡೆಯವರಿಗೆ ಇದರ ಮುಂದೆ ದೀಪಾವಳಿಯೂ ಸಪ್ಪೆ. ಊರಿಗೆ ಊರೇ ಹೊಲದಲ್ಲಿರುತ್ತದೆ. ಹಿಂದಿನ ದಿನವೇ ಅತ್ತೆ ಎಲ್ಲ ಬಗೆಯ ಕಾಳು, ಸೊಪ್ಪು ಕೂಡಿಸಿ ಭಜ್ಜಿ ಬೇಯಿಸಿದರು. ಜೋಳದ ನುಚ್ಚು ಕುದಿಸಿ, ಮಜ್ಜಿಗೆ ಬೆರೆಸಿ, ಹುಳಿಯಾಗಲು ಇಟ್ಟ ಅಂಬಲಿಯ ಗಡಿಗೆಗೆ ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹೂವು ಕಟ್ಟಿದರು. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಪಾಂಡವರು ಅಂತ ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಆಮೇಲೆ ಇವರು, ಭಾವ ಇಬ್ಬರೂ ಹೊಲದ ಸುತ್ತ ಭಜ್ಜಿ, ಅಂಬಲಿಯ ಚರಗ ಚೆಲ್ಲುತ್ತ ಹೋದರು. ಅವತ್ತು ನಮ್ಮಲ್ಲಿ ಅನ್ನ ಕೊಟ್ಟ ಎಲ್ಲದಕ್ಕೂ ಉಣ್ಣಿಸಬೇಕು. ಬೆಳೆಗೆ, ಬಾವಿಗೆ, ದನಕ್ಕೆ, ಬಣವೆಗೆ, ಯಾವುದನ್ನೂ ಬಿಡುವ ಹಾಗಿಲ್ಲ. ನಾನು ಬಂದವರಿಗೆ ಬಡಿಸುತ್ತಿದ್ದೆ. "ದನಕ್ಕ ಪಾಲು ಕೊಟ್ಟು ಬರ್ತೀನಿ," ಅಂತ ಅತ್ತೆ ಸಣ್ಣ ಗಡಿಗೆ, ಸೌಟು ತೆಗೆದುಕೊಂಡು ಮನೆ ಕಡೆ ಹೋದರು.

ಸಂಜೆ ದೀಪ ಹಚ್ಚುವಾಗ ಅತ್ತೆ ಎಲ್ಲರೆದುರಿಗೆ, "ಶರಣು, ನೀರು ಕೊಡು ನನಗ," ಅಂದರು. ಇವರಿಗೆ ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ. ತಂಬಿಗೆ ತುಂಬಿಕೊಂಡು ಓಡಿ ಬರುವಾಗ ಅರ್ಧ ನೀರು ಚೆಲ್ಲಿತು. ಅತ್ತೆ ಉಳಿದದ್ದನ್ನು ಗಟಗಟ ಕುಡಿದು, "ಇನ್ನ ಏನೂ ಫಿಕರ್ ಮಾಡಬ್ಯಾಡ. ಎಲ್ಲಾ ಛಲೋ ಆಗ್ತದ," ಅಂದರು. ಇವರು ಕೊಂಪೆಯ ಹಿಂದೆ ಹೋಗಿ ಅತ್ತು ಬಂದರು. ಆ ಮನೆಯಲ್ಲಿ ನಾನು ಕಂಡ ಅತಿ ಸುಖದ ದಿನ ಅದೇ. ಯಾಕೆ ಹಾಗಾಯಿತು ಅಂತ ನಮಗೆ ಯಾರಿಗೂ ಕೇಳಬೇಕು ಅನ್ನಿಸಲಿಲ್ಲ.

ಹಬ್ಬದ ಮರುದಿನ ಇವರು ಬಾಟಲಿ ತರಲು ನಾಸಿಕಕ್ಕೆ ಹೋದರು. "ನಿನ್ನೆ ಎಲ್ಲರ ಕೈಯಾಗೂ ಅಂಬಲಿನೇ ಇತ್ತು. ನಾ ಬರೂತನ ಕೆಳಗ ಇಳೀಬ್ಯಾಡ್ರಿ," ಅಂತ ಹೇಳಿಯೇ ಹೋದರು. ಅಲ್ಲಿ ಬಾಟಲಿ ಸಿಗುವುದು ತಡವಾಯಿತು. ಸಂಕ್ರಾಂತಿ ದಾಟಿಸಿ ಟೆಂಪೋದಲ್ಲಿ ಬಾಟಲಿ ತುಂಬಿಕೊಂಡು, ಹಾಡು ಗುನುಗುತ್ತ ಬಂದರು. ಚಹಾ ಕೂಡ ಕುಡಿಯದೆ ಕೈ ತೊಳೆದು ಕೆಳಗೆ ಇಳಿದರು. ನಾನು ಹಿಂದೆಯೇ ಇಳಿದೆ.

ಮೆಟ್ಟಿಲ ಮೇಲೇ ನಿಂತುಬಿಟ್ಟರು. ಹುಳಿ ವಾಸನೆ ನನ್ನ ಮೂಗಿಗೂ ಬಡಿಯಿತು. ಬೂಚುಗಳು ತೂತಿನ ಮೇಲೆ ಸುಮ್ಮನೆ ಕೂತಿದ್ದವು, ಕೈ ತಾಗಿದರೆ ಉರುಳಿದವು. ಒಳಗೆ ಬಿಳಿ ಪೊರೆ. ಕೊಳವೆಯಿಂದ ಎಳೆದದ್ದು ರಾಡಿ ನೀರಿನ ಬಣ್ಣ, ಬಾಯಿಗೆ ಹಾಕಿದರೆ ಬರೀ ಸಿರ್ಕಾದ ಹುಳಿ. ಒಂದನ್ನು ನೋಡಿ ಇನ್ನೊಂದಕ್ಕೆ ಓಡಿದರು, ಅದನ್ನು ಬಿಟ್ಟು ಮುಂದಿನದಕ್ಕೆ. ಎಲ್ಲವೂ ಅದೇ. ಕೊನೆಯ ಲೋಟದ ತಳದಲ್ಲಿ ಬೆರಳು ಆಡಿಸಿ, ಏನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಜೋಳದ ನುಚ್ಚು.

"ಸುವರ್ಣಾ, ನೀ ಅಂಬಲಿ ಕೈಲೆ ಕೆಳಗ ಇಳಿದಿದ್ದೇನು?"

ಅಂಥ ದನಿಯಲ್ಲಿ ಇವರು ನನ್ನನ್ನು ಎಂದೂ ಮಾತಾಡಿಸಿದ್ದಿಲ್ಲ. "ವರ್ಷಪೂರ್ತಿ ಗೋಣಿ ಒದ್ದಿ ಮಾಡಿದ್ದು ಇದನ್ನ ಕೇಳಾಕೇನು? ನಿಮ್ಮ ವೈನಿನ ಮನಿ ಹಾಳಾಗ!" ಅಂತ ಕೂಗಿ ಮೇಲೆ ಬಂದೆ. ಮನೆಯಲ್ಲಿ ನಮ್ಮಿಬ್ಬರ ಮಾತು ನಿಂತಿತು. ಕೆಳಗೆ ಹೋಗಿ ಬರುತ್ತಿದ್ದದ್ದು ನಾವಿಬ್ಬರೇ, ಇವರು ಮಾಡಿರಲಿಲ್ಲ, ಅಂದ ಮೇಲೆ ನಾನೇ ಅಂತ ಅವರ ಲೆಕ್ಕ. ನನಗೆ ತವರಿಗೆ ಹೋಗಿಬಿಡಬೇಕು ಅನ್ನಿಸಿತ್ತು.

ನಾಲ್ಕಾರು ದಿನಕ್ಕೆ ಅತ್ತೆಗೇ ನಮ್ಮ ಮೌನ ತಡೆಯಲಿಲ್ಲ. ಊಟಕ್ಕೆ ಕೂತಾಗ ಇವರ ತಾಟಿಗೆ ತುಪ್ಪ ಹಾಕುತ್ತ, "ಯಾಕಪಾ ಮಾರಿ ಸಣ್ಣ ಮಾಡಿ ಕುಂತಿ? ಮಾಲು ಛಲೋ ಬಂದಿರಬೇಕಲ್ಲ. ನಾ ಅವಕ್ಕೂ ಪಾಲು ಕೊಟ್ಟೀನಿ," ಅಂದರು.

ಇವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ತಲೆ ಎತ್ತಿದರು.

"ಎಳ್ಳಮಾಸಿ ದಿನ. ಬಾವಿಗಿ ಕೊಟ್ಟೆ, ದನಕ್ಕ ಕೊಟ್ಟೆ, ಬಣಮಿಗಿ ಕೊಟ್ಟೆ. ಅವು ಅಷ್ಟ ಏನು ಪಾಪ ಮಾಡ್ಯಾವ ಅನಸ್ತು. ಅವೂ ನಮ್ಮ ನೆಲದಾಗೇ ಹುಟ್ಟ್ಯಾವಲ್ಲ? ಆಣಿ ಮಾಡಿದ್ದೆ ನಿಜ, ಲಿಂಗಪ್ಪನ ಮುಂದ ತಪ್ಪು ಒಪ್ಪಿಕೊಂಡು ಇಳದೆ. ಬೂಚು ಕಿತ್ತು ಎಲ್ಲಾ ಪೀಪಾಯಿಗೂ ಒಂದೊಂದು ಸೌಟು ಅಂಬಲಿ ಹಾಕಿ, ಕೈ ಮುಗದು ಬಂದೀನಿ. ನನ್ನ ಮಗಗ ಹೆಸರು ತರ್ರೆಪಾ ಅಂದೀನಿ."

ಮುದುಕಿಯ ಮುಖ ಅರಳಿತ್ತು. ಇವರು ಅವ್ವನನ್ನೇ ನೋಡುತ್ತಿದ್ದರು. ಈಗ ಕೂಗುತ್ತಾರೆ, ಈಗ ತಾಟು ಎಸೆಯುತ್ತಾರೆ ಅಂತ ನಾನು ಕಾದೆ.

"ಛಲೋ ಮಾಡ್ದಿ ಅವ್ವಾ," ಅಂದರು. ತುತ್ತು ಬಾಯಿಗಿಟ್ಟು ಅಗಿಯತೊಡಗಿದರು.

ಊಟವಾದ ಮೇಲೆ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, "ನಿನ್ನ ಮ್ಯಾಲೆ ಸಂಶೆ ತಗೊಂಡೆ, ತಪ್ಪಾತು," ಅಂತ ಕೈ ಮುಗಿದರು. ನನಗೆ ಆಗ ಬೇಕಿದ್ದದ್ದು ಅದಲ್ಲ.

"ನನಗ ಕೈ ಮುಗಿಯೂದು ಬಿಡ್ರಿ. ಭಾವನ ಮುಂದ ಖರೇ ಹೇಳ್ರಿ. ಮಾಲು ಹಬ್ಬದ ತನಕ ಛಲೋ ಇತ್ತು, ಹಿಂಗಿಂಗಾತು ಅನ್ರಿ. ಅರ್ಮಾನಗೂ ಹೇಳ್ರಿ. ಭಾವ ಇನ್ನೊಂದು ವರ್ಷ ಕೊಡ್ತಾರ. ಬಳ್ಳಿ ಉಳೀತಾವ!"

"ಕೊಡ್ತಾನ. ನನಗೂ ಗೊತ್ತದ," ಅಂದರು. "ಆದ್ರ ಅಣ್ಣನ ಬಾಯಿ ನಿನಗ ಗೊತ್ತಿಲ್ಲೇನು? ಅವತ್ತೇ ಅವ್ವನ ಮುಂದ ಹೋಗಿ ನಿಂದ್ರತಾನ. ನಿನ್ನ ಕೈಲೆ ಕೆಟ್ಟಿತು ಅಂತಾನ. ಅಕಿ ಜಲ್ಮ ಇರೂತನ ಅದನ್ನ ಹೊತಗೊಂಡು ತಿರಗಬೇಕು. ಆಣಿ ಮುರದು ಇಳದಾಳ ಸುವರ್ಣಾ, ನನ್ನ ಸಲುವಾಗಿ. ಅದು ತಪ್ಪಾತು ಅಂತ ನಾ ಹ್ಯಾಂಗ ಹೇಳಿಸ್ಲಿ?"

"ಮತ್ತ ನಿಮ್ಮ ಬಾಳು?"

ಯಾರ ಮುಂದೂ ಬಾಯಿ ಬಿಡಕೂಡದು ಅಂತ ಇವರು ನನ್ನಿಂದ ಆಣೆ ತೆಗೆದುಕೊಂಡರು. ಆಣೆ ಮಾಡಿ, ಬಾವಿಕಟ್ಟೆಯಿಂದ ಎದ್ದು ಬಂದೆ. ಇವರು ಮಾಡಿದ್ದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಅರ್ಮಾನ್ ಹೇಳಿದ ಮಾತಿನಂತೆ ಬಂದ. ಬಿಳಿ ಹುಬ್ಬಿನ, ಬಾಗಿದ ಬೆನ್ನಿನ ಮುದುಕ. ಅತ್ತೆ ಚುನಮುರಿ ಸುಸಲಾ ಮಾಡಿಸಿ, ತಾವೇ ತಾಟು ಹಿಡಿದು ಬಾಗಿಲಲ್ಲಿ ನಿಂತರು. ಅವನು ಕೆಳಗೆ ಇಳಿದು, ಒಂದು ಗುಟುಕು ಬಾಯಲ್ಲಿ ಹಿಡಿದು, ನೆಲಕ್ಕೆ ಉಗುಳಿದ. ಯಾಕೆ ಹೀಗಾಯಿತು, ಯಾರು ಒಳಗೆ ಬಂದಿದ್ದರು ಅಂತ ಇಂಗ್ಲಿಷಿನಲ್ಲಿ ಕೇಳಿದ. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ಯಾರೂ ಬಂದಿಲ್ಲ, ನಾನೇ ಕೈ ತೊಳೆಯದೆ ಕೆಲಸ ಮಾಡಿದೆ ಅಂದರು ಇವರು. ಮುದುಕ ಲೋಟ ಕೆಳಗಿಟ್ಟು, "ನಾನು ನಿನಗೆ ಕಲಿಸಿದ್ದು ಇದಲ್ಲ," ಅಂತಷ್ಟೇ ಅಂದ. ಸುಸಲಾ ಮುಟ್ಟದೆ ಕಾರು ಹತ್ತಿದ. ಮತ್ತೆ ಎಂದೂ ಫೋನು ಮಾಡಲಿಲ್ಲ.

ಭಾವ ಏನೂ ಬಯ್ಯಲಿಲ್ಲ. ಅದೇ ಇನ್ನೂ ಕಷ್ಟವಾಯಿತು. ತಮ್ಮನ ಹೆಗಲ ಮೇಲೆ ಕೈ ಇಟ್ಟು, "ನಿನ್ನ ಕೈಲೆ ಆಗೂ ಕೆಲಸ ಅಲ್ಲೋ ಇದು. ಬಿಟ್ಟುಬಿಡು," ಅಂದರು. ಇವರು ಹೂಂ ಅಂದರು. ಮರುದಿನ ನಾವಿಬ್ಬರೇ ಪೀಪಾಯಿ ಮೇಲೆತ್ತಿ, ಬಗ್ಗಿಸಿ, ವೈನನ್ನು ಬದುವಿನ ಪಕ್ಕದ ಕಾಲುವೆಗೆ ಬಿಟ್ಟೆವು. ನೆಲ ಅದನ್ನು ಹೀರಿಕೊಂಡಿತು. ವಾಸನೆ ಮಾತ್ರ ಎಷ್ಟೋ ದಿನ ಹೊಲದ ಮೇಲೆ ನಿಂತಿತ್ತು.

ಹೋಳಿಯ ಮುಂಚೆ ಜೆಸಿಬಿ ಬಂತು. ಅದರ ಸಪ್ಪಳ ಕೇಳಿ ಅತ್ತೆ ಪೂಜೆ ಅರ್ಧಕ್ಕೆ ಬಿಟ್ಟು ಹೊರಗೆ ಬಂದರು. ಆ ಸಲದ ಹಣ್ಣನ್ನು ಭಾವ ಮೊದಲೇ ಕೊಯ್ಸಿ ಪೇಟೆಗೆ ಕಳಿಸಿದ್ದರು; ಬರಿದಾದ ಬಳ್ಳಿಗಳು ತಂತಿಯ ಸಮೇತ ಮುರಿದು ಏಳುತ್ತಿದ್ದವು, ಬೇರಿಗೆ ಕೆಂಪು ಮಣ್ಣು ಹತ್ತಿತ್ತು. ಮೂರು ವರ್ಷ ಆ ಬಳ್ಳಿಗಳಿಗೆ ಶಾಪ ಹಾಕಿದ ಮುದುಕಿ ಬದುವಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಇವರು ಹೋಗಿ ಪಕ್ಕದಲ್ಲಿ ಕೂತರು. ನಾನು ಹಿಂದೆ ನಿಂತಿದ್ದೆ.

"ಶರಣು, ಒಂದು ಮಾತು ಕೇಳ್ಲೇನು?"

"ಕೇಳವ್ವಾ."

"ನಾ ಹಾಕಿದ್ದು ಕಮ್ಮಿ ಆತೇನೋ? ಒಂದೊಂದೇ ಸೌಟು ಹಾಕಿದ್ದೆ. ಅವತ್ತು ಮಂದಿ ಬಾಳ ಇದ್ರು, ಅಂಬಲಿ ಸಾಲದಂಗ ಆಗ್ತದ ಅಂತ ಕೈ ಬಿಗಿ ಹಿಡದೆ. ಅದಕ್ಕೇ ಹಿಂಗಾತು ಅನಸ್ತದ."

ಖರೇ ಮಾತು ನನ್ನ ನಾಲಿಗೆಯ ತುದಿಯ ತನಕ ಬಂದಿತ್ತು. ಇವರು ತಿರುಗಿ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ.

"ಇಲ್ಲವ್ವಾ. ನೀ ಹಾಕಿದ್ದು ಸಾಕಷ್ಟಿತ್ತು. ನನ್ನ ಕೈಯೇ ಸರಿ ಇರ್ಲಿಲ್ಲ."

ಅತ್ತೆ ಕಣ್ಣು ಒರೆಸಿಕೊಂಡರು. ಮಗನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಅಂಗೈ ಮೇಲೆ ಮಾಡಿ, ಅದರಲ್ಲೇನು ಕೊರತೆ ಇದೆ ಅಂತ ಹುಡುಕುವವರ ಹಾಗೆ ಬೆರಳಿನಿಂದ ಸವರಿದರು.

"ಇರ್ಲಿ ಬಿಡು. ಮತ್ತ ಹಚ್ಚು," ಅಂದರು. "ಮುಂದಿನ ಸಲ ಮೊದಲನೇ ದಿನದಿಂದೇ ನಾ ಹಾಕ್ತೀನಿ."

"ಹೂಂ ಅವ್ವಾ," ಅಂದರು ಇವರು.